ಧ್ಯಾನದಲ್ಲಿ ಮೈ ಎಷ್ಟು ಅಲುಗುತ್ತದೆ? ಸೆನ್ಸರ್ ಕಟ್ಟಿಕೊಂಡು ಅಳೆಯುವ ಕ್ರಮ

ಕಣ್ಣು ಮುಚ್ಚಿ ಅರ್ಧ ಗಂಟೆ ಕೂತವರು ಪಕ್ಕದಲ್ಲಿದ್ದವರ ಕಣ್ಣಿಗೆ ಒಂಚೂರೂ ಕದಲದೆ ಕೂತಂತೆ ಕಾಣುತ್ತಾರೆ. ಅದೇ ಎದೆಯ ಮೇಲೆ ಒಂದು ಆಕ್ಸೆಲೆರೋಮೀಟರ್ (ವೇಗೋತ್ಕರ್ಷ, ಅಂದರೆ ವೇಗದ ಬದಲಾವಣೆ ಅಳೆಯುವ ಸೆನ್ಸರ್) ಅಂಟಿಸಿದರೆ ಕಾಣುವ ಚಿತ್ರವೇ ಬೇರೆ. ಉಸಿರಿಗೆ ಏರಿಳಿಯುವ ಅಲೆ, ಅದರ ಮೇಲೆ ಹೃದಯ ಬಡಿತದ ಸಣ್ಣ ಮುಳ್ಳುಗಳು, ಆಗೊಮ್ಮೆ ಈಗೊಮ್ಮೆ ಭುಜ ಸರಿಮಾಡಿಕೊಂಡ ಗುರುತು, ಇದೆಲ್ಲದರ ಅಡಿಯಲ್ಲಿ ಹತ್ತು ಹದಿನೈದು ನಿಮಿಷಗಳುದ್ದಕ್ಕೂ ಗೊತ್ತೇ ಆಗದಂತೆ ಮುಂದಕ್ಕೆ ಬಾಗುತ್ತ ಹೋದ ಬೆನ್ನು.

ಇಷ್ಟನ್ನೂ ಕಲಸಿ ನೂರಕ್ಕೆ ಇಂತಿಷ್ಟು ಎಂದು ಒಂದೇ ಅಂಕ ಕೊಟ್ಟರೆ ಅದರಿಂದ ಉಪಯೋಗಕ್ಕಿಂತ ಕೆಡುಕೇ ಹೆಚ್ಚು. ಎದೆಯ ಏರಿಳಿತವೂ ‘ಅಲುಗಾಟ’ದ ಲೆಕ್ಕಕ್ಕೆ ಸೇರಿದರೆ, ಉಸಿರು ಬಿಗಿಹಿಡಿದವರಿಗೇ ಹೆಚ್ಚು ಅಂಕ ಸಿಗುತ್ತದೆ. ಕೆಲವೇ ದಿನಗಳಲ್ಲಿ ಕೂತವರು ತಮಗೇ ಅರಿವಿಲ್ಲದೆ ಆಳವಿಲ್ಲದ ಸಣ್ಣ ಉಸಿರು ಬಿಡಲು ಶುರುಮಾಡುತ್ತಾರೆ. ಹಾಗಾಗಿ ಇಲ್ಲಿ ಹೇಳುವ ಕ್ರಮದಲ್ಲಿ ಮೂರು ಸಂಗತಿಗಳನ್ನು ಮೊದಲಿನಿಂದಲೂ ಬೇರೆ ಬೇರೆ ಇಡುತ್ತೇವೆ: ಉಸಿರು ಮತ್ತು ಬಡಿತ (ಇದನ್ನು ತಗ್ಗಿಸಲು ಹೋಗಬಾರದು), ಥಟ್ಟನೆ ಆಗುವ ಮಿಸುಕಾಟ, ನಿಧಾನವಾಗಿ ಆಗುವ ಕುಸಿತ.

ಸೆನ್ಸರ್ ನಿಜಕ್ಕೂ ಅಳೆಯುವುದೇನು

ಸುಮ್ಮನೆ ಮೇಜಿನ ಮೇಲಿಟ್ಟ ಆಕ್ಸೆಲೆರೋಮೀಟರ್ ಸೊನ್ನೆ ತೋರಿಸುವುದಿಲ್ಲ, 1 ಜಿ (ಭೂಮಿಯ ಗುರುತ್ವದಷ್ಟು ವೇಗೋತ್ಕರ್ಷ) ತೋರಿಸುತ್ತದೆ. ಗುರುತ್ವ ಯಾವಾಗಲೂ ಅದರೊಳಗಿದೆ. ಸೆನ್ಸರ್ ಒಂದು ಡಿಗ್ರಿ ವಾಲಿದರೆ, ಅಡ್ಡ ಅಕ್ಷದ ಮೇಲೆ ಸುಮಾರು 17.5 ಮಿಲಿ-ಜಿ (ಜಿಯ ಸಾವಿರದಲ್ಲೊಂದು ಭಾಗ ಒಂದು ಮಿಲಿ-ಜಿ) ಹೊಸದಾಗಿ ಬೀಳುತ್ತದೆ. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಕೆಲಸ ಸುಲಭ.

ಒಂದು ಲೆಕ್ಕ ನೋಡಿ. ಕೂತಿರುವ ವ್ಯಕ್ತಿಯ ಎದೆ, ನೆಲದಿಂದ 50 ಸೆಂ.ಮೀ. ಎತ್ತರದಲ್ಲಿ, ಈ ಕಡೆ ಆ ಕಡೆ 5 ಮಿ.ಮೀ. ತೂಗುತ್ತಿದೆ ಎನ್ನಿ, ಸುಮಾರು ಮೂರು ಸೆಕೆಂಡಿಗೆ ಒಂದು ಸಲ, ಅಂದರೆ 0.3 ಹರ್ಟ್ಸ್. ಆ ಚಲನೆಯಿಂದಲೇ ಹುಟ್ಟುವ ವೇಗೋತ್ಕರ್ಷ ಬರೀ 1.8 ಮಿಲಿ-ಜಿ. ಆದರೆ 50 ಸೆಂ.ಮೀ. ಎತ್ತರದಲ್ಲಿ 5 ಮಿ.ಮೀ. ಸರಿದರೆ ದೇಹ 0.57 ಡಿಗ್ರಿ ವಾಲಿದಂತೆ. ಅದರಿಂದ ಕಾಣುವ ಬದಲಾವಣೆ 10 ಮಿಲಿ-ಜಿ. ಅಂದರೆ ನಿಧಾನವಾದ ಚಲನೆಗಳ ಮಟ್ಟಿಗೆ ಈ ಚಿಪ್ಪು (ಸೆನ್ಸರಿನೊಳಗಿನ ಎಲೆಕ್ಟ್ರಾನಿಕ್ ಚಿಪ್) ಕೆಲಸ ಮಾಡುವುದು ಗಾರೆಯವರ ರಸಮಟ್ಟದ ಹಾಗೆ. ಅದು ಹೇಳುವುದು ವಾಲಿಕೆಯನ್ನು.

ಆದ್ದರಿಂದಲೇ ಬಹಳ ಜನ ಮಾಡುವ ಒಂದು ಕೆಲಸ ಇಲ್ಲಿ ಪೂರ್ತಿ ಕೈಕೊಡುತ್ತದೆ: ಎಕ್ಸ್, ವೈ, ಝಡ್ ಮೂರರ ವರ್ಗ ಕೂಡಿಸಿ ವರ್ಗಮೂಲ ತೆಗೆದು, ಆ ಒಟ್ಟು ಮೊತ್ತವನ್ನಷ್ಟೇ ನೋಡುವುದು. ನಡಿಗೆ, ಓಟ ಅಳೆಯಲು ಅದು ಸರಿ. ಆದರೆ ಮೈ 3 ಡಿಗ್ರಿ ವಾಲಿದರೆ ಅಡ್ಡ ಅಕ್ಷ 52 ಮಿಲಿ-ಜಿ ಬದಲಾಗುತ್ತದೆ, ಒಟ್ಟು ಮೊತ್ತ ಮಾತ್ರ 1 ಜಿಯಲ್ಲೇ ಇರುತ್ತದೆ. ಅಡ್ಡಕ್ಕೆ 10 ಮಿಲಿ-ಜಿ ನಡುಕ ಬಂದರೆ ಒಟ್ಟು ಮೊತ್ತದಲ್ಲಿ ಕಾಣುವುದು 0.05 ಮಿಲಿ-ಜಿ. ಕುಸಿತವೂ ಇಲ್ಲ, ನಡುಕವೂ ಇಲ್ಲ! ಮೂರೂ ಅಕ್ಷಗಳನ್ನು ಕೊನೆಯವರೆಗೆ ಬೇರೆಯಾಗಿಯೇ ಇಟ್ಟುಕೊಳ್ಳಿ.

ಯಾವ ಸೆನ್ಸರ್

ಮೊದಲ ಬಾರಿಗೆ ಕೈಲಿರುವ ಫೋನೇ ಸಾಕು. ಜರ್ಮನಿಯ ಆಹೆನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ತಯಾರಾದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇದೆ. ಅದರಲ್ಲಿ ವೇಗೋತ್ಕರ್ಷಕ್ಕೆ ಎರಡು ಆಯ್ಕೆಗಳಿವೆ, ಗುರುತ್ವ ಸೇರಿದ್ದು ಮತ್ತು ಗುರುತ್ವ ಕಳೆದದ್ದು. ಸೇರಿದ್ದನ್ನೇ ಆರಿಸಿ. ಗುರುತ್ವ ಕಳೆಯುವ ಲೆಕ್ಕದಲ್ಲಿ ಫೋನು ನಿಧಾನದ ವಾಲಿಕೆಯನ್ನೂ ಕಳೆದುಬಿಡುತ್ತದೆ. ನಮಗೆ ಬೇಕಾದದ್ದೇ ಆ ವಾಲಿಕೆ. ಫಲಿತಾಂಶ ಮೀಟರ್/ಸೆಕೆಂಡ್² ಅಳತೆಯಲ್ಲಿ ಬರುತ್ತದೆ, 9.80665ರಿಂದ ಭಾಗಿಸಿ ಜಿಗೆ ತನ್ನಿ. ಇಂತಿಷ್ಟು ಹೊತ್ತು ಕಳೆದು ಶುರುವಾಗಿ ಇಂತಿಷ್ಟು ಹೊತ್ತಿಗೆ ನಿಲ್ಲುವ ವ್ಯವಸ್ಥೆಯೂ ಅದರಲ್ಲಿದೆ, ಅದನ್ನು ಬಳಸಿ.

ಫೋನಿನ ತೊಂದರೆ ಅದರ ತೂಕ. ಸುಮಾರು 200 ಗ್ರಾಂ ಇರುವ ವಸ್ತು ಅಂಗಿಯ ಜೇಬಿನಲ್ಲಿ ತೂಗಾಡಿದರೆ ನೀವು ಅಳೆಯುವುದು ಜೇಬನ್ನು. ಅಗಲವಾದ ಎಲಾಸ್ಟಿಕ್ ಪಟ್ಟಿಯಲ್ಲಿ ಸೊಂಟದ ಹಿಂಭಾಗಕ್ಕೆ ಬಿಗಿಯಾಗಿ ಕಟ್ಟಬೇಕು. ಪೇಸ್‌ಮೇಕರ್ ಅಳವಡಿಸಿಕೊಂಡವರು ಫೋನನ್ನು ಎದೆಗೆ ಕಟ್ಟಲೇಬಾರದು. ಒಳಗಿನ ಆಯಸ್ಕಾಂತಗಳಿಂದಾಗಿ ಕನಿಷ್ಠ 15 ಸೆಂ.ಮೀ. ದೂರ ಇಡುವಂತೆ ತಯಾರಕರೇ ಹೇಳುತ್ತಾರೆ.

ಎದೆಪಟ್ಟಿಗಳಲ್ಲಿ ಪೋಲಾರ್ ಎಚ್10 ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಹೃದಯದ ಇಸಿಜಿ ಸೆಕೆಂಡಿಗೆ 130 ಮಾದರಿ (ಅಂದರೆ 130 ಸಲದ ಅಳತೆ), ಜೊತೆಗೆ ಆಕ್ಸೆಲೆರೋಮೀಟರ್‌ನ ಕಚ್ಚಾ ದತ್ತಾಂಶ 25ರಿಂದ 200 ಹರ್ಟ್ಸ್‌ವರೆಗೆ ಬ್ಲೂಟೂತ್‌ನಲ್ಲಿ ಸಿಗುತ್ತದೆ. 50 ಹರ್ಟ್ಸ್, ±2 ಜಿ ಇಟ್ಟುಕೊಳ್ಳಿ. ಬಡಿತ ಯಾವುದು, ಮೈಯ ಮಿಸುಕಾಟ ಯಾವುದು ಎಂದು ಪಕ್ಕದಲ್ಲೇ ಇಸಿಜಿ ಇಟ್ಟು ನೋಡಬಹುದು ಎಂಬುದೇ ಇದರ ದೊಡ್ಡ ಲಾಭ. ತಲೆಪಟ್ಟಿಗಳಲ್ಲಿ ಮ್ಯೂಸ್ ಇಇಜಿಯ (ಮೆದುಳಿನ ವಿದ್ಯುತ್ ಅಲೆಗಳ ದಾಖಲೆ) ಜೊತೆ 52 ಹರ್ಟ್ಸ್‌ನಲ್ಲಿ ತಲೆಯ ಚಲನೆಯನ್ನೂ ಕೊಡುತ್ತದೆ.

ಕೈಗಡಿಯಾರ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದಲ್ಲ. ಬಹುಪಾಲು ಗಡಿಯಾರಗಳು ಹೆಜ್ಜೆ, ನಿದ್ರೆ ಎಂದು ಸೋಸಿದ ಫಲಿತಾಂಶವನ್ನಷ್ಟೇ ಕೊಡುತ್ತವೆ. ಕಚ್ಚಾ ದತ್ತಾಂಶ ಸಿಕ್ಕರೂ, ತೊಡೆಯ ಮೇಲೆ ಇಟ್ಟ ಕೈ ಬೆರಳಾಟದ ಬಗ್ಗೆ ಹೇಳೀತೇ ಹೊರತು ಬೆನ್ನಿನ ಬಗ್ಗೆ ಏನೂ ಹೇಳದು.

ಸ್ವತಃ ಜೋಡಿಸಿಕೊಳ್ಳುವವರಿಗೆ ಚಿಪ್ಪಿನ ಆಯ್ಕೆಯಲ್ಲಿ ನೋಡಬೇಕಾದ್ದು ಒಂದೇ: ಶಬ್ದದ ಸಾಂದ್ರತೆ, ಅಂದರೆ ಏನೂ ಅಲುಗದಿದ್ದಾಗಲೂ ಚಿಪ್ಪು ತಾನೇ ತಾನಾಗಿ ಹುಟ್ಟಿಸುವ ಗದ್ದಲ. ಎಂಪಿಯು-6050ರಲ್ಲಿ ಇದು 400 ಮೈಕ್ರೋ-ಜಿ/√ಹರ್ಟ್ಸ್, ಎಲ್‌ಎಸ್‌ಎಂ6ಡಿಎಸ್‌ಒದಲ್ಲಿ 70ರ ಆಸುಪಾಸು, ಎಡಿಎಕ್ಸ್‌ಎಲ್355ರಲ್ಲಿ 25ರ ಆಸುಪಾಸು. 10 ಹರ್ಟ್ಸ್ ಅಗಲದ ಆವರ್ತನ ಪಟ್ಟಿಗೆ ಇದನ್ನು ಪರಿವರ್ತಿಸಿದರೆ ಕ್ರಮವಾಗಿ ಸುಮಾರು 1.6, 0.28 ಮತ್ತು 0.1 ಮಿಲಿ-ಜಿ. ಮಿಸುಕಾಟ ಮತ್ತು ಕುಸಿತಕ್ಕೆ ಮೊದಲನೆಯದೇ ಧಾರಾಳ. ಹೃದಯ ಬಡಿತದ ಮುಳ್ಳುಗಳು ಎದೆಮೂಳೆಯ ಮೇಲೆ ಕೆಲವು ಮಿಲಿ-ಜಿ ಮಾತ್ರ ಇರುವುದರಿಂದ ಅವನ್ನು ಸ್ಪಷ್ಟವಾಗಿ ನೋಡಬೇಕೆಂದರೆ ಎರಡನೆಯದು ಬೇಕು. ಮೂರನೆಯದು ಕಟ್ಟಡದ ಕಂಪನ ಅಳೆಯುವವರಿಗೆ. ಮನುಷ್ಯರ ಮೈಗೆ ಅಷ್ಟು ಬೇಡ.

ಎಲ್ಲಿ ಕಟ್ಟಬೇಕು

ಒಂದೇ ಸೆನ್ಸರ್ ಇದ್ದರೆ ಎದೆಮೂಳೆಯ ಮೇಲ್ಭಾಗ, ಕೊರಳೆಲುಬುಗಳು ಸೇರುವ ಕುಳಿಯಿಂದ ನಾಲ್ಕು ಬೆರಳು ಕೆಳಗೆ. ಅಲ್ಲಿ ಮೂಳೆಯ ಮೇಲೆ ಮಾಂಸ ಕಡಿಮೆ. ಉಸಿರು, ಬಡಿತ, ಬೆನ್ನಿನ ಬಾಗು ಮೂರೂ ಕಾಣುತ್ತವೆ.

ಎರಡು ಇದ್ದರೆ ಇನ್ನೊಂದನ್ನು ತಲೆಗೆ ಕಟ್ಟಿ, ಹಣೆಯ ಮೇಲೆ ಅಥವಾ ಕಿವಿಯ ಹಿಂದಿನ ಗಟ್ಟಿ ಮೂಳೆಯ ಮೇಲೆ. ತೂಕಡಿಕೆ ಮೊದಲು ಕಾಣುವುದು ತಲೆಯಲ್ಲಿ, ಎದೆಯಲ್ಲಲ್ಲ. ಮೂರನೆಯದಕ್ಕೆ ಸೊಂಟದ ಹಿಂಭಾಗ ಒಳ್ಳೆಯ ಜಾಗ: ಅಲ್ಲಿ ಉಸಿರಿನ ಪ್ರಭಾವ ಕಡಿಮೆ, ಕೂತ ಭಂಗಿಯ ಬುಡ ಸರಿದರೆ ತಿಳಿಯುತ್ತದೆ. ಎದೆ ಬಾಗಿ ಸೊಂಟ ಬಾಗದಿದ್ದರೆ ಬೆನ್ನು ಗೂನಾಗಿದೆ. ಎರಡೂ ಒಟ್ಟಿಗೆ ವಾಲಿದರೆ ಕೆಳಗಿನ ದಿಂಬು ಕುಗ್ಗಿದೆ ಅಥವಾ ಸೊಂಟವೇ ಜರುಗಿದೆ. ಚಕ್ಕಳಮಕ್ಕಳ ಹಾಕಿ ಕೂರುವವರಲ್ಲಿ ಈ ಎರಡನೆಯದು ಸಾಮಾನ್ಯ.

ಅಂಟಿಸಲು ಚರ್ಮಕ್ಕೆಂದೇ ತಯಾರಾದ ಎರಡೂ ಬದಿಯ ವೈದ್ಯಕೀಯ ಟೇಪ್ ಬಳಸಿ, ಮೇಲೊಂದು ಪೇಪರ್ ಟೇಪ್ ಅಡ್ಡಕ್ಕೆ ಹಾಕಿ. ಅಂಟಿಸುವ ಮುಂಚೆ ಬೆವರು, ಎಣ್ಣೆ ಒರೆಸಿ. ಬೋರ್ಡನ್ನು ಬರಿಮೈಗೆ ತಾಗಿಸಬೇಡಿ, ಹೀಟ್‌ಶ್ರಿಂಕ್ ಕೊಳವೆ ತೊಡಿಸಿ. ಬೋರ್ಡಿನಿಂದ ಹೊರಟ ತಂತಿಯನ್ನು ಎರಡು ಸೆಂ.ಮೀ. ಸಡಿಲ ಬಿಟ್ಟು ಮತ್ತೆ ಮೈಗೆ ಅಂಟಿಸಿ. ಹಾಗೆ ಮಾಡದಿದ್ದರೆ ಬ್ಯಾಟರಿ ಡಬ್ಬಿ ಜರುಗಿದಾಗಲೆಲ್ಲ ತಂತಿ ಸೆನ್ಸರನ್ನು ಎಳೆಯುತ್ತದೆ, ಗ್ರಾಫ್‌ನಲ್ಲಿ ಅದು ನೀವು ಮಿಸುಕಿದಂತೆಯೇ ಕಾಣುತ್ತದೆ.

ಎಕ್ಸ್ ಅಕ್ಷ ಮೇಲಕ್ಕೆ, ವೈ ನಿಮ್ಮ ಬಲಕ್ಕೆ, ಝಡ್ ಮುಂದಕ್ಕೆ ಇರುವಂತೆ ಅಂಟಿಸಿ. ಪ್ರತಿಸಲ ಅದೇ ಜಾಗಕ್ಕೆ ಬರಲಿ.

ಜೋಡಿಸುವುದು

ಬೇಕಾದವು: ಎಂಪಿಯು-6050 ಇರುವ ಜಿವೈ-521 ಬೋರ್ಡ್ ಒಂದು ಅಥವಾ ಎರಡು, ಇಎಸ್‌ಪಿ32 ಬೋರ್ಡ್ (ಸೆನ್ಸರನ್ನು ಓದಿ ದಾಖಲಿಸುವ ಪುಟ್ಟ ಕಂಪ್ಯೂಟರ್), ಮೈಕ್ರೋ ಎಸ್‌ಡಿ ಕಾರ್ಡ್ ಮಾಡ್ಯೂಲ್, ರಕ್ಷಣಾ ಸರ್ಕ್ಯೂಟ್ ಇರುವ 3.7 ವೋಲ್ಟ್ ಲಿಥಿಯಂ ಬ್ಯಾಟರಿ, ಮೆತ್ತನೆಯ ಸಿಲಿಕೋನ್ ತಂತಿ.

ಸೆನ್ಸರಿನ ವಿಸಿಸಿಯನ್ನು (ವಿದ್ಯುತ್ ಪಿನ್) 3.3 ವೋಲ್ಟ್‌ಗೆ, ಎಸ್‌ಡಿಎಯನ್ನು (ದತ್ತಾಂಶದ ಪಿನ್) 21ನೇ ಪಿನ್‌ಗೆ, ಎಸ್‌ಸಿಎಲ್ ಅನ್ನು (ಗಡಿಯಾರದ ಪಿನ್) 22ನೇ ಪಿನ್‌ಗೆ ಜೋಡಿಸಿ. ಎಡಿ0 ಪಿನ್ ಗ್ರೌಂಡ್ (ಜಿಎನ್‌ಡಿ) ಪಿನ್ನಿಗೆ ಕೊಟ್ಟರೆ ಸೆನ್ಸರಿನ ವಿಳಾಸ ಹೆಕ್ಸ್ (ಹದಿನಾರರ ಮಾನದ ಸಂಖ್ಯೆ) 68, 3.3 ವೋಲ್ಟ್‌ಗೆ ಕೊಟ್ಟರೆ ಹೆಕ್ಸ್ 69. ಹೀಗೆ ಎರಡು ಸೆನ್ಸರ್ ಒಂದೇ ತಂತಿಜೋಡಿಯಲ್ಲಿ ನಡೆಯುತ್ತವೆ. ತಂತಿ ಅರ್ಧ ಮೀಟರ್ ಆಗುವುದಾದರೆ ಐ2ಸಿ (ಸೆನ್ಸರ್ ಮತ್ತು ಬೋರ್ಡ್ ನಡುವಿನ ಎರಡು ತಂತಿಯ ಸಂಪರ್ಕ) ವೇಗ 400 ಕಿಲೋಹರ್ಟ್ಸ್ ಇಡಬೇಡಿ, 100 ಸಾಕು. ಸೆಕೆಂಡಿಗೆ ಒಂದು ಸೆನ್ಸರಿನಿಂದ ಬರುವುದು 300 ಬೈಟ್ ಮಾತ್ರ.

ರಿಜಿಸ್ಟರುಗಳು, ಅಂದರೆ ಚಿಪ್ಪಿನೊಳಗಿನ ಸೆಟ್ಟಿಂಗ್‌ನ ಮನೆಗಳು, ಹೀಗಿರಲಿ (ವಿಳಾಸಗಳೆಲ್ಲ ಹೆಕ್ಸ್, ಬರೆಯುವ ಬೆಲೆ ಸಾಮಾನ್ಯ ದಶಮಾನದಲ್ಲಿ):

1. 6ಬಿಗೆ 1 ಬರೆಯಿರಿ. ಚಿಪ್ಪು ನಿದ್ದೆಯಿಂದ ಏಳುತ್ತದೆ, ಗಡಿಯಾರಕ್ಕೆ ಗೈರೋದ (ತಿರುಗುವಿಕೆ ಅಳೆಯುವ ಭಾಗದ) ಆಂದೋಲಕವನ್ನು ಬಳಸುತ್ತದೆ.
2. 1ಎಗೆ 4. ಆಕ್ಸೆಲೆರೋಮೀಟರಿನ ಪಟ್ಟಿ 21 ಹರ್ಟ್ಸ್‌ಗೆ ಇಳಿಯುತ್ತದೆ.
3. 19ಕ್ಕೆ 19. ಸಾವಿರ ಹರ್ಟ್ಸ್ ÷ (1+19) = 50 ಹರ್ಟ್ಸ್.
4. 1ಸಿಗೆ 0. ವ್ಯಾಪ್ತಿ ±2 ಜಿ, ಪ್ರತಿ ಜಿಗೆ 16384 ಎಣಿಕೆ.
5. 23ಕ್ಕೆ 8, ನಂತರ 6ಎಗೆ 64. ಆಕ್ಸೆಲೆರೋಮೀಟರ್ ದತ್ತಾಂಶ ಚಿಪ್ಪಿನೊಳಗಿನ ಫೈಫೋಗೆ (ಮೊದಲು ಬಂದದ್ದು ಮೊದಲು ಹೊರಬರುವ ತಾತ್ಕಾಲಿಕ ಸಂಗ್ರಹ) ತುಂಬತೊಡಗುತ್ತದೆ.

ಐದನೆಯದನ್ನು ಬಿಟ್ಟು ನೇರವಾಗಿ ಓದುವವರೇ ಹೆಚ್ಚು. ಎಸ್‌ಡಿ ಕಾರ್ಡ್ ಆಗಾಗ ಒಂದು ಬರವಣಿಗೆಗೆ ನೂರಾರು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ; ಆ ಹೊತ್ತಿನ ಮಾದರಿಗಳೆಲ್ಲ ಹೋಗುತ್ತವೆ, ಆಮೇಲೆ ಗ್ರಾಫ್‌ನಲ್ಲಿ ಸುಳ್ಳು ಜಿಗಿತ. ಫೈಫೋದಲ್ಲಿ 1024 ಬೈಟ್ ಜಾಗವಿದೆ, ಒಂದು ಮಾದರಿಗೆ 6 ಬೈಟ್, ಅಂದರೆ 3.4 ಸೆಕೆಂಡಿನ ಬಿಡುವು. ಅರ್ಧ ಸೆಕೆಂಡಿಗೊಮ್ಮೆ ಖಾಲಿಮಾಡಿದರೆ ಸಾಕು. ಒಂದು ಎಚ್ಚರ: ಫೈಫೋ ತುಂಬಿ ತುಳುಕಿದರೆ ಹಳೆಯ ಬೈಟುಗಳ ಮೇಲೆ ಹೊಸವು ಬರುತ್ತವೆ. 1024 ಎಂಬುದು 6ರಿಂದ ನಿಶ್ಶೇಷವಾಗಿ ಭಾಗವಾಗುವುದಿಲ್ಲ, ಹಾಗಾಗಿ ಅಲ್ಲಿಂದಾಚೆ ಎಕ್ಸ್ ಇರಬೇಕಾದಲ್ಲಿ ವೈ ಕೂರುತ್ತದೆ. ತುಂಬಿತೆಂದು ಗೊತ್ತಾದೊಡನೆ ಫೈಫೋ ರೀಸೆಟ್ ಮಾಡಿ, ಆ ಹೊತ್ತನ್ನು ಫೈಲಿನಲ್ಲಿ ಗುರುತು ಹಾಕಿ.

ಇನ್ನೊಂದು, ಹೊಸಬರನ್ನು ಸತಾಯಿಸುವಂಥದ್ದು. ಎಂಪಿಯು-6050 ಎಂದು ಮಾರುವ ಬೋರ್ಡುಗಳಲ್ಲಿ ಬೇರೆ ಚಿಪ್ಪು ಕೂತಿರುವುದುಂಟು. ಹೆಕ್ಸ್ 75ನೇ ರಿಜಿಸ್ಟರ್ ಓದಿ. ಹೆಕ್ಸ್ 68 ಬಂದರೆ ಸರಿ. ಹೆಕ್ಸ್ 70 ಬಂದರೆ ಅದು ಎಂಪಿಯು-6500. ಅದರಲ್ಲಿ ಆಕ್ಸೆಲೆರೋಮೀಟರಿನ ಫಿಲ್ಟರ್ ಹೆಕ್ಸ್ 1ಡಿಯಲ್ಲಿ ಬೇರೆಯಾಗಿದೆ. 1ಎಗೆ ಮಾತ್ರ ಬರೆದು ಸುಮ್ಮನಾದರೆ ಫಿಲ್ಟರ್ ಹಾಕಿದ್ದೇವೆ ಎಂಬ ಭ್ರಮೆಯಲ್ಲಿ ಶಬ್ದವನ್ನೇ ಅಳೆಯುತ್ತಿರುತ್ತೀರಿ.

ವೈಫೈ ಆಫ್ ಮಾಡಿ. ರೇಡಿಯೋ ಓಡಿದಾಗಲೆಲ್ಲ ಕರೆಂಟ್ ನೂರಾರು ಮಿಲಿಆಂಪ್‌ಗೆ ಜಿಗಿಯುತ್ತದೆ, ಸಣ್ಣ ಬ್ಯಾಟರಿಯಲ್ಲಿ ಬೋರ್ಡ್ ತಾನಾಗಿ ರೀಸ್ಟಾರ್ಟ್ ಆಗಬಹುದು. ಪವರ್ ಬ್ಯಾಂಕ್ ಬಳಸುವವರಿಗೆ ಇದಕ್ಕೆ ತದ್ವಿರುದ್ಧ ತೊಂದರೆ: ಕರೆಂಟ್ ತೀರಾ ಕಡಿಮೆಯಾದರೆ ಏನೂ ಜೋಡಿಸಿಲ್ಲ ಎಂದುಕೊಂಡು ಅದು ಅರ್ಧ ನಿಮಿಷದಲ್ಲೇ ಆರಿಹೋಗುತ್ತದೆ. ಮೈಮೇಲೆ ಇರುವಾಗ ಬ್ಯಾಟರಿ ಚಾರ್ಜ್‌ಗೆ ಹಾಕಬೇಡಿ.

ಮೊದಲು ನೆಲದ ಮೇಲೆ

ಮೈಗೆ ಕಟ್ಟುವ ಮುನ್ನ ಎರಡು ದಾಖಲೆ ಬೇಕು. ಒಂದು, ಸೆನ್ಸರನ್ನು ಗಟ್ಟಿ ನೆಲದ ಮೇಲೆ ಟೇಪಿನಿಂದ ಅಂಟಿಸಿ ಹತ್ತು ನಿಮಿಷ. ಪ್ರತಿ ಅಕ್ಷದ ಸ್ಟಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಎಷ್ಟು ಚದುರಿದೆ ಎಂಬ ಅಳತೆ) ತೆಗೆಯಿರಿ. ಮೇಲಿನ ಸೆಟ್ಟಿಂಗ್‌ನಲ್ಲಿ ಎಂಪಿಯು-6050ಕ್ಕೆ 2.3 ಮಿಲಿ-ಜಿ ಆಸುಪಾಸು ಬರಬೇಕು. ಅದರ ಎರಡು ಮೂರು ಪಟ್ಟು ಬಂದರೆ ಫಿಲ್ಟರ್ ಕೂತಿಲ್ಲ, ಇಲ್ಲವೇ ಬೋರ್ಡ್ ಸಡಿಲವಿದೆ.

ಎರಡು, ನೀವು ಕೂರುವ ಜಾಗದಲ್ಲೇ, ನೀವು ಕೂರುವ ಹೊತ್ತಿನಲ್ಲೇ, ಫ್ಯಾನ್ ಹಾಕಿದ್ದರೆ ಹಾಕಿಯೇ, ನೆಲದ ಮೇಲೆ ಹತ್ತು ನಿಮಿಷ. ಬಟ್ಟೆ ಒಗೆಯುವ ಯಂತ್ರ, ಮಹಡಿ ಮೆಟ್ಟಿಲು, ರಸ್ತೆಯ ಲಾರಿ, ಎಲ್ಲ ಇದರಲ್ಲಿ ಸಿಗುತ್ತವೆ. ಎರಡನೆಯ ಸೆನ್ಸರ್ ಇದ್ದರೆ ಮೊದಲ ಕೆಲವು ದಿನ ಅದನ್ನು ನೆಲದ ಮೇಲೆಯೇ ಬಿಡುವುದು ಜಾಣತನ: ಎದೆಯಲ್ಲೂ ನೆಲದಲ್ಲೂ ಒಂದೇ ಕ್ಷಣಕ್ಕೆ ಮುಳ್ಳು ಎದ್ದರೆ ಅದು ನಿಮ್ಮದಲ್ಲ.

ಆರು ಬದಿಗೂ ತಿರುಗಿಸಿ ಸೊನ್ನೆ ಸರಿಮಾಡುವ ಕ್ಯಾಲಿಬ್ರೇಶನ್ ಬಗ್ಗೆ ಎಲ್ಲ ಪಾಠಗಳೂ ಒತ್ತಿ ಹೇಳುತ್ತವೆ. ನಮಗೆ ಬೇಕಿರುವುದು ವಾಲಿಕೆಯ ಬದಲಾವಣೆ ಮಾತ್ರ, ಹಾಗಾಗಿ ಅದನ್ನು ಬಿಟ್ಟರೂ ನಷ್ಟವಿಲ್ಲ. ಬಿಡಬಾರದ್ದು ಬಿಸಿಯಾಗಲು ಕೊಡುವ ಸಮಯ. ಚರ್ಮಕ್ಕೆ ತಾಗಿದ ಚಿಪ್ಪು ಹತ್ತು ಡಿಗ್ರಿ ಬಿಸಿಯಾದರೆ ಅದರ ಸೊನ್ನೆ ಕೆಲವು ಮಿಲಿ-ಜಿ ಸರಿಯುತ್ತದೆ. 5 ಮಿಲಿ-ಜಿ ಎಂದರೆ 0.3 ಡಿಗ್ರಿಯ ಸುಳ್ಳು ಕುಸಿತ. ಅಂಟಿಸಿ, ಆನ್ ಮಾಡಿ, ಹತ್ತು ನಿಮಿಷ ಬಿಟ್ಟು ಕೂರಿ.

ಕೂರುವ ಕ್ರಮ

ದಾಖಲೆ ಶುರುಮಾಡಿ ಸೆನ್ಸರಿನ ಮೇಲೆ ಬೆರಳಿನಿಂದ ಮೂರು ಸಲ ತಟ್ಟಿ. ಎರಡು ಸೆನ್ಸರ್ ಬೇರೆ ಬೇರೆ ಸಾಧನದಲ್ಲಿದ್ದರೆ ಅಂಟಿಸುವ ಮುನ್ನ ಒಟ್ಟಿಗೆ ಹಿಡಿದು ತಟ್ಟಬೇಕು. ಆಮೇಲೆ ಬೇಕೆಂದೇ ಐದು ಸೆಕೆಂಡ್ ಮುಂದಕ್ಕೆ ಬಾಗಿ, ನೆಟ್ಟಗಾಗಿ, ಐದು ಸೆಕೆಂಡ್ ಬಲಕ್ಕೆ ವಾಲಿ. ಲೆಕ್ಕ ಹಾಕುವಾಗ ಪ್ಲಸ್ ಯಾವ ಕಡೆ, ಮೈನಸ್ ಯಾವ ಕಡೆ ಎಂಬ ಗೊಂದಲ ಈ ಹತ್ತು ಸೆಕೆಂಡಿನಿಂದ ತಪ್ಪುತ್ತದೆ.

ಮುಗಿಸುವಾಗ ಮತ್ತೆ ಮೂರು ಸಲ ತಟ್ಟಿ. ಇದು ಶಾಸ್ತ್ರಕ್ಕೆ ಮಾಡುವುದಲ್ಲ. ಚಿಪ್ಪಿನ ಗಡಿಯಾರ ಶೇ. 1ರಷ್ಟು ಹೆಚ್ಚುಕಡಿಮೆ ಓಡಬಹುದು, ಅರ್ಧ ಗಂಟೆಗೆ ಅದು 18 ಸೆಕೆಂಡ್. ಮೊದಲ ತಟ್ಟು ಮತ್ತು ಕೊನೆಯ ತಟ್ಟಿನ ನಡುವೆ ಇಎಸ್‌ಪಿ32ರ ಗಡಿಯಾರದಲ್ಲಿ ಎಷ್ಟು ಸಮಯ ಕಳೆಯಿತು, ಎಷ್ಟು ಮಾದರಿ ಬಂತು ಎಂದು ಭಾಗಿಸಿ ನಿಜವಾದ ದರ ತೆಗೆಯಿರಿ: 50 ಅಂದುಕೊಂಡದ್ದು 49.6 ಇರಬಹುದು.

ಫೋನಿನಲ್ಲಿ ಅಳೆಯುವವರು ಏರೋಪ್ಲೇನ್ ಮೋಡ್ ಹಾಕಿ, ವೈಬ್ರೇಶನ್ ನಿಲ್ಲಿಸಿ. ಯಾವ ಸಾಧನವಾದರೂ ಕೂತಿರುವಾಗ ಪರದೆ ನೋಡುವ ಹಾಗಿರಬಾರದು. ಅಲುಗಿದಾಗ ಗುರ್ ಎಂದು ನಡುಗಿ ಎಚ್ಚರಿಸುವ ವ್ಯವಸ್ಥೆಗಳೂ ಇವೆ. ಬೆಚ್ಚಿಬೀಳಿಸಿ ಆಮೇಲೆ ಬೆಚ್ಚಿದ್ದನ್ನು ಅಳೆಯುವ ಈ ಏರ್ಪಾಡು ಯಾಕೋ ಒಪ್ಪಿಗೆಯಾಗುವುದಿಲ್ಲ.

50 ಹರ್ಟ್ಸ್‌ನಲ್ಲಿ 30 ನಿಮಿಷಕ್ಕೆ 90,000 ಸಾಲು, ಸಿಎಸ್‌ವಿ ಫೈಲು ಸುಮಾರು 3 ಎಂಬಿ. ಸ್ಪ್ರೆಡ್‌ಶೀಟ್‌ನಲ್ಲೂ ತೆರೆಯುತ್ತದೆ.

ಲೆಕ್ಕ

ಮೊದಲ ಎರಡು ನಿಮಿಷ ಮತ್ತು ಕೊನೆಯ ಒಂದು ನಿಮಿಷ ಕತ್ತರಿಸಿ. ಫೋನಿನ ದತ್ತಾಂಶದಲ್ಲಿ ಮಾದರಿಗಳ ನಡುವಿನ ಅಂತರ ಸಮನಾಗಿರುವುದಿಲ್ಲ, ಸಮಯದ ಕಾಲಮ್ ನೋಡಿ 50 ಹರ್ಟ್ಸ್‌ಗೆ ಇಂಟರ್‌ಪೊಲೇಟ್ ಮಾಡಿಕೊಳ್ಳಿ (ನಡುವಿನ ಬೆಲೆಗಳನ್ನು ಲೆಕ್ಕಹಾಕಿ ಸಮ ಅಂತರಕ್ಕೆ ತನ್ನಿ).

ಮಿಸುಕಾಟಕ್ಕೆ: ಪ್ರತಿ ಅಕ್ಷಕ್ಕೂ 1 ಹರ್ಟ್ಸ್‌ನ ಹೈಪಾಸ್ ಫಿಲ್ಟರ್ (ಅದಕ್ಕಿಂತ ನಿಧಾನದ ಚಲನೆಯನ್ನು ಸೋಸಿ ತೆಗೆಯುವಂಥದ್ದು) ಹಾಕಿ. ಪೈಥಾನ್‌ನಲ್ಲಾದರೆ ಸೈಪೈ ಎಂಬ ಲೆಕ್ಕದ ಲೈಬ್ರರಿಯ ಬಟರ್‌ವರ್ತ್ ಫಿಲ್ಟರ್, ನಾಲ್ಕನೇ ದರ್ಜೆ, ಹಿಂದೆ ಮುಂದೆ ಎರಡೂ ಕಡೆಯಿಂದ ಹಾಯಿಸುವ ವಿಧಾನ. ಅದರಲ್ಲೂ ಎಸ್‌ಒಎಸ್ ರೂಪವನ್ನೇ (ಎರಡನೇ ದರ್ಜೆಯ ತುಂಡುಗಳಾಗಿ ಒಡೆದದ್ದು) ಬಳಸಿ; ಇಷ್ಟು ಕೆಳಗಿನ ಆವರ್ತನಗಳಲ್ಲಿ ಸಾದಾ ಗುಣಾಂಕ ರೂಪ ಲೆಕ್ಕದ ದೋಷದಿಂದ ಹುಚ್ಚುಹುಚ್ಚಾಗಿ ಏರಿಬಿಡಬಹುದು. ಫಿಲ್ಟರ್ ಆದ ಮೂರೂ ಅಕ್ಷಗಳ ವರ್ಗ ಕೂಡಿಸಿ (ಗುರುತ್ವ ಹೋಗಿರುವುದರಿಂದ ಈಗ ಕೂಡಿಸಬಹುದು), ಪ್ರತಿ ಒಂದು ಸೆಕೆಂಡಿನ ಸರಾಸರಿಗೆ ವರ್ಗಮೂಲ ತೆಗೆಯಿರಿ. ಸೆಕೆಂಡಿಗೊಂದು ಸಂಖ್ಯೆ ಸಿಗುತ್ತದೆ.

ಪ್ರೋಗ್ರಾಮಿಂಗ್ ಬಾರದವರು ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ 50 ಸಾಲಿಗೆ ಒಂದರಂತೆ ಪ್ರತಿ ಅಕ್ಷದ ಸ್ಟಾಂಡರ್ಡ್ ಡೀವಿಯೇಶನ್ ತೆಗೆದರೆ ಹತ್ತಿರ ಹತ್ತಿರ ಅದೇ ಉತ್ತರ. ಒಂದು ಸೆಕೆಂಡಿನೊಳಗೆ ಉಸಿರಿನ ಏರಿಳಿತ ಪೂರ್ತಿ ಆಗದ ಕಾರಣ ಅದರ ಪಾಲು ಕಡಿಮೆಯಾಗುತ್ತದೆ.

ಈಗ ಗಡಿ ಹಾಕಬೇಕು. ಎಲ್ಲ ಸೆಕೆಂಡುಗಳ ಮೀಡಿಯನ್ (ಏರಿಕೆಯ ಕ್ರಮದಲ್ಲಿ ಇಟ್ಟಾಗ ನಟ್ಟನಡುವೆ ಬರುವ ಬೆಲೆ) ತೆಗೆಯಿರಿ. ಪ್ರತಿ ಸೆಕೆಂಡೂ ಆ ಮೀಡಿಯನ್‌ನಿಂದ ಎಷ್ಟು ದೂರ ಎಂಬುದರ ಮೀಡಿಯನ್ ಇನ್ನೊಮ್ಮೆ ತೆಗೆದು 1.48ರಿಂದ ಗುಣಿಸಿ. ಮೊದಲನೆಯದಕ್ಕೆ ಎರಡನೆಯದರ ಆರು ಪಟ್ಟು ಸೇರಿಸಿದರೆ ಅದು ಗಡಿ. ಸರಾಸರಿಯ ಬದಲು ಮೀಡಿಯನ್ ಯಾಕೆಂದರೆ, ಒಂದೇ ಒಂದು ದೊಡ್ಡ ಕೆಮ್ಮು ಸರಾಸರಿಯನ್ನು ಮೇಲೆತ್ತಿ ಸಣ್ಣ ಮಿಸುಕಾಟಗಳನ್ನೆಲ್ಲ ಮುಚ್ಚಿಹಾಕುತ್ತದೆ. ಹೃದಯ ಬಡಿತ ಹೆಚ್ಚುಕಡಿಮೆ ಪ್ರತಿ ಸೆಕೆಂಡಿನಲ್ಲೂ ಇರುವುದರಿಂದ ಅದು ಮೀಡಿಯನ್‌ನೊಳಗೇ ಸೇರಿ ಗಡಿಯ ಕೆಳಗೆ ಉಳಿಯುತ್ತದೆ.

ಗಡಿ ದಾಟಿದ ಸೆಕೆಂಡುಗಳಲ್ಲಿ ನಡುವೆ ಎರಡು ಸೆಕೆಂಡಿಗಿಂತ ಕಡಿಮೆ ಅಂತರ ಇರುವುದನ್ನು ಒಂದೇ ಘಟನೆಯಾಗಿ ಸೇರಿಸಿ.

ಈ ಗಡಿಯಲ್ಲಿ ಒಂದು ಮೋಸವಿದೆ. ಪೂರ್ತಿ ಅರ್ಧ ಗಂಟೆ ಚಡಪಡಿಸಿದ ದಿನ ಮೀಡಿಯನ್ನೇ ಮೇಲೇರುತ್ತದೆ, ಗಡಿಯೂ ಏರುತ್ತದೆ, ಘಟನೆಗಳು ಕಡಿಮೆ ಬರುತ್ತವೆ. ಅತಿ ಕೆಟ್ಟ ದಿನ ಅತಿ ಒಳ್ಳೆಯ ದಿನದಂತೆ ಕಾಣುತ್ತದೆ. ಆದ್ದರಿಂದ ಮೊದಲ ನಾಲ್ಕೈದು ದಾಖಲೆಗಳ ಗಡಿಗಳನ್ನು ನೋಡಿ, ಅವುಗಳ ಮಧ್ಯದ್ದನ್ನು ಆರಿಸಿ, ಅಲ್ಲಿಗೇ ಬಿಗಿಮಾಡಿಬಿಡಿ. ಮುಂದೆ ಎಲ್ಲ ದಿನಕ್ಕೂ ಅದೇ.

ಕುಸಿತಕ್ಕೆ: ಫಿಲ್ಟರ್ ಬೇಡ. ಮೂಲ ದತ್ತಾಂಶದಲ್ಲೇ ಪ್ರತಿ ಅಕ್ಷಕ್ಕೂ 30 ಸೆಕೆಂಡಿನ ಮೀಡಿಯನ್ ತೆಗೆಯಿರಿ; ಅಷ್ಟರಲ್ಲಿ ಹಲವು ಉಸಿರು ಬಂದುಹೋಗಿ ಉಸಿರಿನ ಅಲೆ ಸಮನಾಗುತ್ತದೆ. ಉಳಿಸಿಕೊಂಡ ಭಾಗದ ಮೊದಲ ಒಂದು ನಿಮಿಷದ್ದು ಆಧಾರದ ದಿಕ್ಕು. ಅದಕ್ಕೂ ಮುಂದಿನ ಪ್ರತಿ 30 ಸೆಕೆಂಡಿಗೂ ನಡುವಿನ ಕೋನ ತೆಗೆಯಬೇಕು. ಪಠ್ಯಪುಸ್ತಕದ ಆರ್ಕ್‌ಕೊಸೈನ್ ಸೂತ್ರ ಬಳಸಬೇಡಿ: ಒಂದು ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಕೊಸೈನ್ 1ಕ್ಕೆ ಅಂಟಿಕೊಂಡಿರುತ್ತದೆ, ದಶಮಾಂಶದ ಐದನೇ ಸ್ಥಾನದ ತಪ್ಪು ಕೂಡ ಕೋನವನ್ನು ಕೆಡಿಸುತ್ತದೆ. ಎರಡು ದಿಕ್ಕುಗಳ ಕ್ರಾಸ್ ಗುಣಲಬ್ಧದ ಉದ್ದ ಮತ್ತು ಡಾಟ್ ಗುಣಲಬ್ಧ, ಇವೆರಡನ್ನು ಆರ್ಕ್‌ಟ್ಯಾನ್2ಗೆ ಕೊಡಿ. ಮುಂದಕ್ಕೋ ಪಕ್ಕಕ್ಕೋ ಎಂದು ಬೇರೆ ಮಾಡಲು ಝಡ್ ಮತ್ತು ಎಕ್ಸ್ ಜೋಡಿಯ ಕೋನ ಒಂದು, ವೈ ಮತ್ತು ಎಕ್ಸ್ ಜೋಡಿಯದು ಇನ್ನೊಂದು. ಎರಡರಲ್ಲೂ ಆಧಾರದಿಂದಾದ ವ್ಯತ್ಯಾಸವನ್ನೇ ನೋಡಿ.

ಇವೆರಡರ ಮಧ್ಯೆ ನುಸುಳಿ ಹೋಗುವ ಒಂದು ಚಲನೆ ಇದೆ: ಎರಡು ಮೂರು ಸೆಕೆಂಡ್ ತೆಗೆದುಕೊಂಡು ಮೆತ್ತಗೆ ಬೆನ್ನು ನೆಟ್ಟಗೆ ಮಾಡಿಕೊಳ್ಳುವುದು. ಹೈಪಾಸ್‌ಗೆ ಅದು ಸಿಗುವುದಿಲ್ಲ, 30 ಸೆಕೆಂಡಿನ ಮೀಡಿಯನ್‌ನಲ್ಲಿ ಕರಗಿಹೋಗುತ್ತದೆ. ಅದಕ್ಕೆ ಯಾವುದೇ ಕ್ಷಣದ ಹಿಂದಿನ 5 ಸೆಕೆಂಡ್ ಮತ್ತು ಮುಂದಿನ 5 ಸೆಕೆಂಡಿನ ಮೀಡಿಯನ್ ದಿಕ್ಕುಗಳನ್ನು ಹೋಲಿಸಿ. ಸೊಂಟ ಅಥವಾ ತಲೆಯಲ್ಲಿ ಒಂದು ಡಿಗ್ರಿ, ಎದೆಯಲ್ಲಿ ಉಸಿರಿನ ಅಲೆಯ ಎರಡರಷ್ಟು ವ್ಯತ್ಯಾಸ ಬಂದರೆ ‘ಭಂಗಿ ಬದಲು’ ಎಂದು ಗುರುತು ಹಾಕಿ.

ಉಸಿರಿಗೆ: 0.05ರಿಂದ 0.5 ಹರ್ಟ್ಸ್‌ನ ಪಟ್ಟಿ, ಅತಿ ಹೆಚ್ಚು ಏರಿಳಿತ ಇರುವ ಅಕ್ಷದ ಮೇಲೆ. ಕೆಳಗಿನ ಗಡಿ 0.1 ಇಟ್ಟರೆ ನಿಮಿಷಕ್ಕೆ ಆರಕ್ಕಿಂತ ನಿಧಾನವಾಗಿ ಉಸಿರಾಡುವವರ ಅಲೆ ಕತ್ತರಿಸಿಹೋಗುತ್ತದೆ, ಧ್ಯಾನದಲ್ಲಿ ಅದು ಅಪರೂಪವೇನಲ್ಲ.

ಗ್ರಾಫ್ ಓದುವುದು

ಒಟ್ಟು ಅಂಕಕ್ಕಿಂತ ಹೆಚ್ಚು ಅರ್ಥ ಹೇಳುವುದು ಒಂದು ಸಾದಾ ಸಂಖ್ಯೆ: ಘಟನೆಯಾಗಲಿ ಭಂಗಿ ಬದಲಾಗಲಿ ಇಲ್ಲದೆ ಸಾಗಿದ ಅತಿ ಉದ್ದದ ಅವಧಿ. ಹತ್ತು ನಿಮಿಷಕ್ಕೆ ಎಷ್ಟು ಘಟನೆ, ಕೊನೆಗೆ ಎಷ್ಟು ಡಿಗ್ರಿ ಕುಸಿತ, ಇವೆರಡನ್ನು ಅದರ ಪಕ್ಕದಲ್ಲಿ ಬರೆದಿಡಿ. ಮೂರನ್ನೂ ಗುಣಿಸಿ ಕೂಡಿಸಿ ಒಂದು ಮಾಡಲು ಹೋಗಬೇಡಿ.

ತೂಕಡಿಕೆಯ ಗುರುತನ್ನು ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ. ತಲೆಯ ಸೆನ್ಸರಿನ ಮುಂದಕ್ಕೆ ಬಾಗುವ ಕೋನ ನಾಲ್ಕೈದು ಸೆಕೆಂಡ್, ಕೆಲವೊಮ್ಮೆ ಹತ್ತಿಪ್ಪತ್ತು ಸೆಕೆಂಡ್ ಜಾರುತ್ತ ಇಳಿಯುತ್ತದೆ, ನಂತರ ಒಂದು ಸೆಕೆಂಡಿನೊಳಗೆ ಗಕ್ಕನೆ ಮೇಲೆ ಬರುತ್ತದೆ. ಇಳಿಜಾರು ಉದ್ದ, ಏರು ಕಡಿದು. ಒಂದರ ಹಿಂದೊಂದು ಹೀಗೆ ಬಂದರೆ ಗರಗಸದ ಹಲ್ಲಿನ ಆಕಾರ. ಬೇಕೆಂದೇ ತಲೆ ಸರಿಮಾಡಿಕೊಂಡಾಗ ಈ ಇಳಿಜಾರು ಇರುವುದಿಲ್ಲ. ಇದರ ಜೊತೆಗೇ ಇನ್ನೊಂದು ಮಾತು: ಗೋಡೆಗೊರಗಿ ನಿದ್ದೆ ಹೋದವರ ದಾಖಲೆ ಎಲ್ಲರಿಗಿಂತ ನಿಶ್ಚಲವಾಗಿರುತ್ತದೆ. ಸೆನ್ಸರ್ ಮೈಯ ಸಂಗತಿ ಹೇಳುತ್ತದೆ, ಧ್ಯಾನದ ಆಳವನ್ನಲ್ಲ.

ನಿಯಮಿತ ಅಂತರದಲ್ಲಿ, ಹೆಚ್ಚುಕಡಿಮೆ ಒಂದೇ ಎತ್ತರದ ಮುಳ್ಳುಗಳು ಬಂದರೆ ನುಂಗುವಿಕೆಯೋ ಎಂದು ನೋಡಿ. ಕೊರಳಿಗೆ ಹತ್ತಿರದ ಸೆನ್ಸರಿನಲ್ಲಿ ಎಂಜಲು ನುಂಗಿದ್ದೂ ಕಾಣುತ್ತದೆ. ಅದನ್ನು ಚಡಪಡಿಕೆಯ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ. 8ರಿಂದ 12 ಹರ್ಟ್ಸ್‌ನ ಸಣ್ಣ ನಡುಕ ಎಲ್ಲ ಆರೋಗ್ಯವಂತರಲ್ಲೂ ಇರುವಂಥದ್ದು. ಈ ಸಲಕರಣೆಯಿಂದ ನಡುಕದ ಕಾಯಿಲೆಯನ್ನು ಪತ್ತೆ ಮಾಡಲು ಹೊರಡಬೇಡಿ.

ಕುಸಿತದ ಗೆರೆ ಮೊದಲ ಐದಾರು ನಿಮಿಷ ಬೇಗ ಇಳಿದು ಆಮೇಲೆ ಸಮನಾದರೆ ಬಹಳ ಸಲ ದಿಂಬು ಕುಗ್ಗಿದ್ದೇ ಕಾರಣ. ಸೊಂಟದ ಸೆನ್ಸರ್ ಅದನ್ನು ಖಚಿತಪಡಿಸುತ್ತದೆ. ಕೊನೆಯವರೆಗೂ ಒಂದೇ ಸಮನೆ ಇಳಿಯುತ್ತಿದ್ದರೆ ಬೆನ್ನಿನ ಸ್ನಾಯುಗಳು ದಣಿದಿವೆ. ಗೆರೆ ಇಳಿದಿದೆ, ಆದರೆ ಮುಗಿಸಿ ಎದ್ದಾಗ ಮೈ ನೆಟ್ಟಗೇ ಇತ್ತು ಎನಿಸುತ್ತದೆಯೇ? ಟೇಪ್ ನೋಡಿ. ಬೆವರಿಗೆ ಮೇಲಂಚು ಬಿಟ್ಟುಕೊಂಡ ಟೇಪಿನಲ್ಲಿ ಸೆನ್ಸರ್ ಎರಡು ಮೂರು ಡಿಗ್ರಿ ಮುಂದಕ್ಕೆ ತೂಗಿಬಿಡುತ್ತದೆ. ಮುಗಿದ ಮೇಲೆ ತಟ್ಟುವ ಮುಂಚೆ ಮತ್ತೊಮ್ಮೆ ಶುರುವಿನ ಭಂಗಿಗೆ ಬಂದು ಹತ್ತು ಸೆಕೆಂಡ್ ಕೂತರೆ ಇದು ಬಯಲಾಗುತ್ತದೆ: ಆ ಹತ್ತು ಸೆಕೆಂಡಿನಲ್ಲೂ ಕೋನ ಆಧಾರಕ್ಕೆ ಹಿಂತಿರುಗದಿದ್ದರೆ ಜರುಗಿದ್ದು ಸೆನ್ಸರ್.

ನೆಟ್ಟಗೆ ಕೂತು ಮೈಯನ್ನು ಎಡಕ್ಕೋ ಬಲಕ್ಕೋ ತಿರುಚಿದರೆ ಆಕ್ಸೆಲೆರೋಮೀಟರಿಗೆ ಬಹುತೇಕ ತಿಳಿಯುವುದೇ ಇಲ್ಲ, ಗುರುತ್ವದ ದಿಕ್ಕು ಬದಲಾಗದಲ್ಲ. ಅದು ಬೇಕಾದವರು 23ನೇ ರಿಜಿಸ್ಟರಿಗೆ 8ರ ಬದಲು 120 ಬರೆದು ಗೈರೋದ ಮೂರು ಅಕ್ಷಗಳನ್ನೂ ಫೈಫೋಗೆ ಸೇರಿಸಬಹುದು. ಮಾದರಿಗೆ 12 ಬೈಟ್ ಆಗಿ ಬಿಡುವು 1.7 ಸೆಕೆಂಡಿಗೆ ಇಳಿಯುತ್ತದೆ. ಗೈರೋ ತಾನಾಗಿ ತೇಲುವುದರಿಂದ ನಿಮಿಷಗಟ್ಟಲೆಯ ತಿರುಚುವಿಕೆಗೆ ಅದನ್ನು ನಂಬಬೇಡಿ. ಎರಡು ಮೂರು ಸೆಕೆಂಡಿನೊಳಗೆ ಮುಗಿಯುವ ತಿರುವಿಗೆ ಸಾಕು.

ದಿನದಿಂದ ದಿನಕ್ಕೆ ಹೋಲಿಸುವಾಗ ಅದೇ ಜಾಗ, ಅದೇ ದಿಂಬು, ಅಷ್ಟೇ ಅವಧಿ ಇರಬೇಕು. ಇಪ್ಪತ್ತು ನಿಮಿಷದ ದಾಖಲೆಯನ್ನು ನಲವತ್ತರದ್ದರ ಜೊತೆ ಇಡಬೇಡಿ. ನಲವತ್ತರದ್ದನ್ನು ಮೊದಲ ಇಪ್ಪತ್ತಕ್ಕೆ ಕತ್ತರಿಸಿ ಆಮೇಲೆ ನೋಡಿ. ಫೈಲಿನ ಹೆಸರಿನಲ್ಲೇ ದಿನಾಂಕ, ಸೆನ್ಸರ್ ಕಟ್ಟಿದ ಜಾಗ, ಬಳಸಿದ ಗಡಿ ಮೂರನ್ನೂ ಬರೆದಿಡಿ. ಗಡಿ ಯಾವತ್ತಾದರೂ ಬದಲಿಸಿದರೆ ಹಳೆಯ ಫೈಲುಗಳನ್ನೆಲ್ಲ ಹೊಸ ಗಡಿಯಲ್ಲಿ ಮತ್ತೆ ಲೆಕ್ಕಹಾಕಬೇಕಾಗುತ್ತದೆ, ಹಾಗಾಗಿ ಕಚ್ಚಾ ಸಿಎಸ್‌ವಿಗಳನ್ನು ಅಳಿಸಬೇಡಿ.